ಮಣ್ಣಿನ ಹಾದಿಯ ಬೈಕು ಡಾಂಬರು ರಸ್ತೆಗೆ ಇಳಿಯುವ ಮುನ್ನ

ಕಳೆದ ಮಳೆಗಾಲ ಮುಗಿದು ನವರಾತ್ರಿಯ ಸಡಗರ ಆರಂಭವಾಗುವ ಹೊತ್ತಿಗೆ, ದಹಿಸರ್ ಪೂರ್ವದ ನಮ್ಮ ಕಟ್ಟಡದ ಪಾರ್ಕಿಂಗ್ ಜಾಗದಲ್ಲಿ ನೀಳಕಾಲಿನ ಕೊಕ್ಕರೆಯಂತೆ ಎತ್ತರವಾದ ಒಂದು ಮೋಟಾರ್ ಸೈಕಲು ಬಂದು ನಿಂತಿತು. ಮಗನು ಹಳೆಯ ಬೈಕುಗಳ ಮಾರಾಟಗಾರರಿಂದ ಆರಿಸಿ ತಂದ 2019ರ ಹೀರೋ ಎಕ್ಸ್‌ಪಲ್ಸ್ ಅದು. ಮಗನಿಗೆ ಆಗಿನ್ನೂ ಸ್ಥಿರವಾದ ನೌಕರಿ ಇರಲಿಲ್ಲವಾದುದರಿಂದ ಕಾಗದಪತ್ರಗಳೆಲ್ಲವೂ ನನ್ನ ಹೆಸರಿನಲ್ಲಾದವು. ನಮ್ಮ ಮನೆಗಳಲ್ಲಿ ಇದು ವಾಡಿಕೆಯೇ. ಮನೆ ತಂದೆಯ ಹೆಸರಿನಲ್ಲಿ, ವಿದ್ಯುತ್ ಬಿಲ್ಲು ತಂದೆಯ ಹೆಸರಿನಲ್ಲಿ, ಮಗನ ಬೈಕೂ ತಂದೆಯ ಹೆಸರಿನಲ್ಲಿ.

ಒಂದು ತಿಂಗಳು ಕಳೆಯುವಷ್ಟರಲ್ಲಿ ಮಗನು ಹೊಸದೊಂದು ಬೇಡಿಕೆಯೊಂದಿಗೆ ನನ್ನೆದುರು ಕುಳಿತನು. “ಅಪ್ಪಾ, ಇದನ್ನು ಸೂಪರ್‌ಮೋಟೋ ಮಾಡಿಸಬೇಕೆಂದಿದ್ದೇನೆ. ಗ್ಯಾರೇಜಿನವರು ಅರ್ಧ ಹಣ ಮುಂಗಡ ಕೇಳುತ್ತಾರೆ.”

ನಾನು ಕಲಾ ವಿಭಾಗದ ಪದವೀಧರ. ಬ್ಯಾಂಕಿನ ಸಾಲದ ಕಡತಗಳ ನಡುವೆಯೇ ತಲೆ ನರೆತವನು. ಯಂತ್ರದ ಒಳಗುಟ್ಟು ನನಗೆ ತಿಳಿದ ವಿದ್ಯೆಯಲ್ಲ. ಆದರೆ ಸಹಿ ಹಾಕುವ ಮುನ್ನ ಕಾಗದವನ್ನು ಓದಬೇಕೆಂಬ ಪಾಠವನ್ನು ವೃತ್ತಿಯು ಕಲಿಸಿದೆ. ಆದುದರಿಂದ ಹಣ ಕೊಡುವ ಮೊದಲು ಈ ಸೂಪರ್‌ಮೋಟೋ ಎಂಬುದು ಏನು, ಅದನ್ನು ಮಾಡುವುದು ಹೇಗೆ, ನಮ್ಮ ದೇಶದ ಕಾನೂನು ಅದಕ್ಕೆ ಏನನ್ನುತ್ತದೆ ಎಂಬುದನ್ನು ಕೆಲವು ರವಿವಾರಗಳಲ್ಲಿ ಕುಳಿತು ಅರಿತುಕೊಂಡೆ. ಅರಿತುಕೊಂಡುದನ್ನು ಓದುಗ ಬಂಧುಗಳೊಂದಿಗೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ. ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಇಂದು ಇಂಥ ಒಬ್ಬ ಮಗನೋ ಮಗಳೋ ಇದ್ದಾರೆ. ಬೈಕಿನ ಕಾಗದ ಹಿರಿಯರ ಹೆಸರಿನಲ್ಲಿದೆ.

ಸೂಪರ್‌ಮೋಟೋ ಎಂದರೇನು?

ಮಣ್ಣು, ಕಲ್ಲು, ಕೆಸರು, ದಿಬ್ಬಗಳ ಮೇಲೆ ಓಡಿಸಲೆಂದೇ ರೂಪಿಸಿದ ಹಗುರವಾದ ಬೈಕಿಗೆ ಡರ್ಟ್ ಬೈಕ್ ಎಂದು ಹೆಸರು. ಅದರ ಮುಂದಿನ ಚಕ್ರ ದೊಡ್ಡದು, ಸಾಮಾನ್ಯವಾಗಿ 21 ಇಂಚಿನದು. ಹಿಂದಿನದು 18 ಅಥವಾ 19 ಇಂಚಿನದು. ದೊಡ್ಡ ಚಕ್ರವು ಗುಂಡಿಯಲ್ಲಿ ಸಿಲುಕದೆ ಕಲ್ಲನ್ನು ಏರಿ ದಾಟುತ್ತದೆ. ಎತ್ತಿನ ಗಾಡಿಯ ಚಕ್ರವನ್ನು ನಮ್ಮ ಹಿರಿಯರು ಏಕೆ ಅಷ್ಟು ದೊಡ್ಡದಾಗಿ ಮಾಡುತ್ತಿದ್ದರು ಎಂಬುದನ್ನು ನೆನೆದರೆ ಇದರ ತತ್ವ ತಿಳಿಯುತ್ತದೆ.

ಇಂಥ ಬೈಕಿನ ಚಕ್ರಗಳನ್ನು ತೆಗೆದು, ಎರಡೂ ಕಡೆ 17 ಇಂಚಿನ ಅಗಲವಾದ ಚಕ್ರಗಳನ್ನು ಜೋಡಿಸಿ, ಡಾಂಬರಿಗೆ ಅಂಟಿಕೊಳ್ಳುವ ನುಣುಪು ಟಯರು ಹಾಕಿ, ಬ್ರೇಕನ್ನು ಬಲಪಡಿಸಿದರೆ ದೊರೆಯುವುದೇ ಸೂಪರ್‌ಮೋಟೋ. ದೇಹ ಮಣ್ಣಿನ ಬೈಕಿನದು, ಪಾದ ರಸ್ತೆ ಬೈಕಿನದು.

ಇದರ ಹುಟ್ಟು ಒಂದು ಟೆಲಿವಿಷನ್ ಕಾರ್ಯಕ್ರಮದಲ್ಲಿ ಎಂಬುದು ಸ್ವಾರಸ್ಯಕರ. 1979ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬಾಡ್ ಎಂಬಲ್ಲಿ ಎ.ಬಿ.ಸಿ. ದೂರದರ್ಶನ ಸಂಸ್ಥೆಗಾಗಿ ‘ಸೂಪರ್‌ಬೈಕರ್ಸ್’ ಎಂಬ ಸ್ಪರ್ಧೆ ನಡೆಯಿತು. ಡಾಂಬರು ಹಾದಿಯವರು, ಮಣ್ಣಿನ ಹಾದಿಯವರು, ಗುಡ್ಡ ಹಾರುವವರು ಎಂಬ ಮೂರು ಬಗೆಯ ಸವಾರರಲ್ಲಿ ನಿಜವಾದ ನಿಪುಣ ಯಾರು ಎಂದು ಕಂಡುಕೊಳ್ಳುವುದು ಅದರ ಉದ್ದೇಶವಾಗಿತ್ತು. ಆದುದರಿಂದ ಹಾದಿಯಲ್ಲಿ ಒಂದಿಷ್ಟು ಡಾಂಬರು, ಒಂದಿಷ್ಟು ಮಣ್ಣು ಇರಿಸಿದರು. ಎರಡಕ್ಕೂ ಒಗ್ಗುವ ಬೈಕು ಬೇಕಾಯಿತು. ಅದಕ್ಕಾಗಿ ಈ ಮಿಶ್ರ ತಳಿ ಹುಟ್ಟಿತು. ಮುಂದೆ ಅಮೆರಿಕದಲ್ಲಿ ಆ ಕಾರ್ಯಕ್ರಮ ನಿಂತುಹೋದರೂ ಯುರೋಪಿನಲ್ಲಿ, ಮುಖ್ಯವಾಗಿ ಫ್ರಾನ್ಸ್ ಮತ್ತು ಇಟಲಿಯಲ್ಲಿ, ಕ್ರೀಡೆ ಬೆಳೆಯಿತು. 2002ರಿಂದ ಅದಕ್ಕೆ ವಿಶ್ವ ಮಟ್ಟದ ಚಾಂಪಿಯನ್‌ಷಿಪ್ ಕೂಡ ಇದೆ.

ನಮ್ಮ ತರುಣರು ಇದಕ್ಕೆ ಮರುಳಾಗಲು ಕಾರಣವಿಲ್ಲದಿಲ್ಲ. ಹಗುರವಾದ ಬೈಕು, ನೇರವಾಗಿ ಕುಳಿತು ದೂರದವರೆಗೆ ರಸ್ತೆಯನ್ನು ನೋಡುವ ಅನುಕೂಲ, ಇಕ್ಕಟ್ಟಿನ ತಿರುವಿನಲ್ಲಿ ಚುರುಕು, ಗುಂಡಿಗೆ ಬಿದ್ದರೂ ಬೆನ್ನು ಮುರಿಯದ ಉದ್ದನೆಯ ಶಾಕ್ ಅಬ್ಸಾರ್ಬರ್. ದಹಿಸರ್ ಚೆಕ್‌ನಾಕಾದಿಂದ ಬೋರಿವಲಿಯವರೆಗೆ ಮಳೆಗಾಲದಲ್ಲಿ ಒಮ್ಮೆ ದ್ವಿಚಕ್ರದಲ್ಲಿ ಹೋಗಿಬಂದವರಿಗೆ ಈ ಗುಣಗಳ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಚಕ್ರವೊಂದು ಬದಲಾದರೆ ಏನೆಲ್ಲ ಬದಲಾಗುತ್ತದೆ?

ಗ್ಯಾರೇಜಿನ ಯುವಕನು “ಎರಡು ದಿನದ ಕೆಲಸ, ಚಕ್ರ ಬದಲಿಸಿದರೆ ಮುಗಿಯಿತು” ಎಂದನಂತೆ. ಅದು ಹಾಗಲ್ಲ ಎಂದು ನನಗೆ ತಿಳಿದುದು ಒಂದು ಕಾಗದ, ಒಂದು ಪೆನ್ಸಿಲು ಹಿಡಿದು ಲೆಕ್ಕ ಹಾಕಿದಾಗ. ಲೆಕ್ಕ ಮಾಡುವುದು ನಮ್ಮ ಕಸುಬೇ ಅಲ್ಲವೇ?

ಟಯರಿನ ಬದಿಯಲ್ಲಿ 90/90-21 ಎಂದು ಬರೆದಿರುತ್ತದೆ. ಮೊದಲ ಸಂಖ್ಯೆ ಟಯರಿನ ಅಗಲ, ಮಿಲಿಮೀಟರುಗಳಲ್ಲಿ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಭಾಗ ಟಯರಿನ ಎತ್ತರ ಎಂಬುದು. ಮೂರನೆಯದು ಒಳಗಿನ ರಿಮ್ಮಿನ ವ್ಯಾಸ, ಇಂಚುಗಳಲ್ಲಿ. ಈ ಲೆಕ್ಕದಂತೆ ನಮ್ಮ ಬೈಕಿನ ಮುಂದಿನ ಚಕ್ರದ ಒಟ್ಟು ವ್ಯಾಸ ಸುಮಾರು 695 ಮಿ.ಮೀ. ಅದರ ಬದಲು 110/70-17ರ ಟಯರು ಹಾಕಿದರೆ ವ್ಯಾಸ 586 ಮಿ.ಮೀ.ಗೆ ಇಳಿಯುತ್ತದೆ. ಅಂದರೆ ಬೈಕಿನ ಮುಂಭಾಗ ಸುಮಾರು 55 ಮಿ.ಮೀ. ಕೆಳಗೆ ಬರುತ್ತದೆ. ಹಿಂದಿನ 120/80-18ರ ಬದಲು 140/70-17 ಹಾಕಿದರೆ ಹಿಂಭಾಗ ಇಳಿಯುವುದು ಸುಮಾರು 11 ಮಿ.ಮೀ. ಮಾತ್ರ. ಮುಂದೆ ಎರಡು ಇಂಚಿಗೂ ಮಿಕ್ಕಿ ಕುಸಿತ, ಹಿಂದೆ ಅರ್ಧ ಇಂಚೂ ಇಲ್ಲ. ಇಡೀ ಬೈಕು ಮೂಗು ಕೆಳಗೆ ಮಾಡಿ ನಿಲ್ಲುತ್ತದೆ.

ಇದರಿಂದ ಮುಂದಿನ ಫೋರ್ಕಿನ ಓರೆ ಹೆಚ್ಚುಕಡಿಮೆ ಎರಡು ಡಿಗ್ರಿಯಷ್ಟು ನೆಟ್ಟಗಾಗುತ್ತದೆ. ಫೋರ್ಕು ನೆಟ್ಟಗಾದಷ್ಟೂ ಬೈಕು ಬೇಗ ತಿರುಗುತ್ತದೆ. ಆದರೆ ವೇಗದಲ್ಲಿ ನೇರವಾಗಿ ಹೋಗುವ ಸ್ಥಿರತೆ ಕುಂದುತ್ತದೆ. ಚಿಕ್ಕ ಓಟದ ಅಂಗಣದಲ್ಲಿ ಇದು ಗುಣ. ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಬಸ್ಸಿನ ಗಾಳಿ ಬದಿಯಿಂದ ಬಡಿದಾಗ ಇದೇ ದೋಷ. ಬೈಕಿನ ಹೊಟ್ಟೆ ಮತ್ತು ನೆಲದ ನಡುವಿನ ಅಂತರವೂ ತಗ್ಗುತ್ತದೆ. ಪಕ್ಕದ ಸ್ಟ್ಯಾಂಡು ಹಳೆಯ ಉದ್ದದ್ದೇ ಆಗಿರುವುದರಿಂದ ನಿಲ್ಲಿಸಿದ ಬೈಕು ಓರೆಯಾಗದೆ ನೆಟ್ಟಗೆ ನಿಂತು, ಸಣ್ಣ ತಾಕಿಗೂ ಆಚೆ ಬದಿಗೆ ಉರುಳುವ ಸಂಭವವಿದೆ. ಸ್ಟ್ಯಾಂಡನ್ನೂ ಕತ್ತರಿಸಿ ಬೆಸೆಯಬೇಕು.

ಇನ್ನು ವೇಗಮಾಪಕ. ಚಿಕ್ಕ ಚಕ್ರ ಅದೇ ದೂರಕ್ಕೆ ಹೆಚ್ಚು ಸುತ್ತು ಹಾಕುತ್ತದೆ. ಮುಂದಿನ ಚಕ್ರದ ಸುತ್ತುಗಳಿಂದ ವೇಗವನ್ನು ಎಣಿಸುವ ಬೈಕಿನಲ್ಲಿ ನಿಜವಾದ ವೇಗ ಗಂಟೆಗೆ 50 ಕಿ.ಮೀ. ಇದ್ದಾಗ ಮೀಟರು ಸುಮಾರು 59 ಎಂದು ತೋರಿಸುತ್ತದೆ. ಓಡಿದ ಕಿಲೋಮೀಟರುಗಳ ಲೆಕ್ಕವೂ ಅದೇ ಪ್ರಮಾಣದಲ್ಲಿ ಉಬ್ಬುತ್ತದೆ. ಮುಂದೆ ಬೈಕನ್ನು ಮಾರುವಾಗ ಆ ಸಂಖ್ಯೆ ಸುಳ್ಳು ಹೇಳುತ್ತಿರುತ್ತದೆ.

ಎಲ್ಲಕ್ಕಿಂತ ಗಂಭೀರವಾದುದು ಬ್ರೇಕಿನ ವಿಷಯ. 125 ಸಿ.ಸಿ.ಗಿಂತ ಹೆಚ್ಚಿನ ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೆ 2019ರ ಏಪ್ರಿಲಿನಿಂದ ಎ.ಬಿ.ಎಸ್. ಕಡ್ಡಾಯ. ಗಟ್ಟಿಯಾಗಿ ಬ್ರೇಕು ಒತ್ತಿದಾಗ ಚಕ್ರ ಕಟ್ಟಿಹೋಗಿ ಜಾರದಂತೆ ತಡೆಯುವ ವ್ಯವಸ್ಥೆ ಅದು. ಚಕ್ರದ ನಡುವೆ ಹಲ್ಲುಗಳಿರುವ ಒಂದು ಬಳೆ, ಅದರ ಪಕ್ಕದಲ್ಲಿ ಕೂದಲೆಳೆಯ ಅಂತರದಲ್ಲಿ ಒಂದು ಸೆನ್ಸರ್. ಬೇರೆ ಬೈಕಿನ ಚಕ್ರ ತಂದು ಹಾಕಿದಾಗ ಆ ಬಳೆ ಕೂರದಿದ್ದರೆ, ಇಲ್ಲವೇ ಅಂತರ ತಪ್ಪಿದರೆ, ಎ.ಬಿ.ಎಸ್. ಕೆಲಸ ನಿಲ್ಲಿಸುತ್ತದೆ. ಮೀಟರಿನಲ್ಲಿ ಒಂದು ಹಳದಿ ದೀಪ ಉರಿಯುತ್ತದೆ, ಅಷ್ಟೇ. ಅನೇಕರು ಆ ದೀಪದ ಮೇಲೆ ಕಪ್ಪು ಪಟ್ಟಿ ಅಂಟಿಸಿ ಸುಮ್ಮನಾಗುತ್ತಾರೆ.

ನಿಷ್ಠೆಯಿಂದ ಕೆಲಸ ಮಾಡುವ ಕುಶಲಕರ್ಮಿಯು ಬೈಕಿನ ಮೂಲ ಹಬ್ಬನ್ನೇ ಉಳಿಸಿಕೊಂಡು, ಅದಕ್ಕೆ 17 ಇಂಚಿನ ರಿಮ್ಮನ್ನು ಹೊಸ ಕಡ್ಡಿಗಳಿಂದ ಕಟ್ಟಿ, ಸುತ್ತು ಸರಿಪಡಿಸುತ್ತಾನೆ. ಆಗ ಡಿಸ್ಕು, ಬಳೆ, ಆಕ್ಸಲ್ ಎಲ್ಲವೂ ಇದ್ದಲ್ಲಿಯೇ ಇರುತ್ತವೆ. ಹಿಂದಿನ ಅಗಲ ಟಯರು ಚೈನಿಗೆ ಉಜ್ಜದಂತೆ ನೋಡುತ್ತಾನೆ. ಫೋರ್ಕನ್ನು ಗಟ್ಟಿ ಮಾಡುತ್ತಾನೆ, ಏಕೆಂದರೆ ನುಣುಪು ಟಯರು ಡಾಂಬರನ್ನು ಬಿಗಿಯಾಗಿ ಹಿಡಿದಾಗ ಬ್ರೇಕು ಒತ್ತಿದರೆ ಮೃದುವಾದ ಫೋರ್ಕು ಪೂರ್ತಿ ಕುಸಿಯುತ್ತದೆ. ಓಟದ ಬೈಕುಗಳಲ್ಲಿ ಮುಂದಿನ ಡಿಸ್ಕನ್ನು 320 ಮಿ.ಮೀ.ವರೆಗೆ ದೊಡ್ಡದು ಮಾಡುವುದೂ ಉಂಟು. ಇದು ಎರಡು ದಿನದ ಕೆಲಸವಲ್ಲ, ಅಗ್ಗದ ಕೆಲಸವಂತೂ ಅಲ್ಲವೇ ಅಲ್ಲ.

ಕಾನೂನು ಏನು ಹೇಳುತ್ತದೆ?

ಇಲ್ಲಿಯವರೆಗೆ ಹೇಳಿದುದು ಕೈಕೆಲಸದ ಮಾತು. ಕೆಲಸ ಎಷ್ಟೇ ಚೆನ್ನಾಗಿ ನಡೆದರೂ ಆ ಬೈಕು ರಸ್ತೆಗೆ ಇಳಿಯಬಹುದೇ ಎಂಬುದು ಬೇರೆಯೇ ಪ್ರಶ್ನೆ. ಅಂತರ್ಜಾಲದಲ್ಲಿ ತರುಣರು ನೋಡುವ ದೃಶ್ಯಗಳು ಹೆಚ್ಚಾಗಿ ಪರದೇಶದವು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಮಣ್ಣಿನ ಬೈಕಿಗೆ ದೀಪ, ಹಾರ್ನು, ಕನ್ನಡಿ, ರಸ್ತೆಗೆ ಯೋಗ್ಯವಾದ ಟಯರುಗಳನ್ನು ಹಾಕಿಸಿ, ಪರಿಶೀಲನೆಗೆ ಒಪ್ಪಿಸಿ, ರಸ್ತೆ ನೋಂದಣಿ ಪಡೆಯುವ ದಾರಿಯಿದೆ. ಅದನ್ನು ಕಂಡು ಇಲ್ಲಿಯೂ ಹಾಗೆಯೇ ಎಂದು ಭಾವಿಸುವುದು ಸಹಜ. ಆದರೆ ಭಾರತದಲ್ಲಿ ಕ್ರಮ ತಲೆಕೆಳಗು. ಇಲ್ಲಿ ಒಂದೊಂದು ಬೈಕನ್ನು ಬಿಡಿಯಾಗಿ ಪರೀಕ್ಷಿಸಿ ರಸ್ತೆಗೆ ಬಿಡುವುದಿಲ್ಲ. ತಯಾರಕರು ತಮ್ಮ ಮಾದರಿಯನ್ನು ಪುಣೆಯ ಎ.ಆರ್.ಎ.ಐ.ನಂತಹ ಅಧಿಕೃತ ಸಂಸ್ಥೆಯಲ್ಲಿ ಪರೀಕ್ಷೆಗೆ ಒಡ್ಡಿ ಅನುಮೋದನೆ ಪಡೆಯಬೇಕು. ಅನಂತರ ಆ ಮಾದರಿಯ ಪ್ರತಿಯೊಂದು ಬೈಕಿಗೂ ರಸ್ತೆಯೋಗ್ಯತೆಯ ಪ್ರಮಾಣಪತ್ರವಾದ ನಮೂನೆ 22ನ್ನು ಕೊಡುತ್ತಾರೆ. ಅದರ ಆಧಾರದ ಮೇಲೆ ಆರ್.ಟಿ.ಓ. ನೋಂದಣಿ ಮಾಡುತ್ತದೆ.

ಆದುದರಿಂದ ಡರ್ಟ್ ಬೈಕುಗಳಲ್ಲಿ ಎರಡು ಜಾತಿಗಳಿವೆ ಎಂಬುದನ್ನು ಮೊದಲು ತಿಳಿಯಬೇಕು. ಓಟದ ಅಂಗಣಕ್ಕೆಂದೇ ಮಾರಾಟವಾಗುವ ಬೈಕುಗಳು ಒಂದು ಜಾತಿ. 2018ರಲ್ಲಿ ಭಾರತಕ್ಕೆ ಬಂದ ಸುಜುಕಿ ಆರ್.ಎಂ.-ಝಡ್ ಬೈಕುಗಳು, ಕವಾಸಾಕಿಯ ಕೆ.ಎಕ್ಸ್. ಸರಣಿ ಇವೆಲ್ಲ ಈ ಬಗೆಯವು. ಇವುಗಳಿಗೆ ರಸ್ತೆಯ ಅನುಮೋದನೆಯೇ ಇಲ್ಲ. ದೀಪ ಹಾಕಿದರೂ, ನಂಬರ್ ಪ್ಲೇಟಿಗೆ ಜಾಗ ಮಾಡಿದರೂ ನೋಂದಣಿ ದೊರೆಯದು. ನೋಂದಣಿಯಿಲ್ಲದ ಬೈಕಿಗೆ ವಿಮೆ ಇಲ್ಲ. ಬ್ಯಾಂಕು ತನ್ನ ಹಕ್ಕನ್ನು ಬರೆಸಲು ನೋಂದಣಿ ಪುಸ್ತಕವೇ ಇಲ್ಲದುದರಿಂದ ಸಾಮಾನ್ಯ ವಾಹನ ಸಾಲವೂ ಇಲ್ಲ. “ಕಾಗದ ಮಾಡಿಸಿ ಕೊಡುತ್ತೇನೆ” ಎಂದು ಯಾರಾದರೂ ಹೇಳಿದರೆ, ಬೇರೊಂದು ಬೈಕಿನ ಸಂಖ್ಯೆಯನ್ನು ಇದಕ್ಕೆ ಅಂಟಿಸುವ ಹುನ್ನಾರ ಅದೆಂದು ತಿಳಿಯಬೇಕು. ಅದು ಸಂಚಾರ ದಂಡದ ವಿಷಯವಲ್ಲ, ಖೋಟಾ ದಸ್ತಾವೇಜಿನ ಅಪರಾಧ.

ಎರಡನೆಯ ಜಾತಿ, ಕಾರ್ಖಾನೆಯಿಂದಲೇ ರಸ್ತೆಯ ಅನುಮೋದನೆ ಪಡೆದು ಬಂದ, ಮಣ್ಣಿನಲ್ಲೂ ಓಡಬಲ್ಲ ಬೈಕುಗಳು. 2011ರ ಹೀರೋ ಇಂಪಲ್ಸ್, 2019ರ ಎಕ್ಸ್‌ಪಲ್ಸ್ ಈ ಬಗೆಯವು. ನಮ್ಮಲ್ಲಿ ‘ಸೂಪರ್‌ಮೋಟೋ’ ಎಂದು ತಿರುಗಾಡುವವು ಹೆಚ್ಚಾಗಿ ಇಂಥ ಬೈಕುಗಳ ರೂಪಾಂತರಗಳೇ.

ಇವನ್ನು ಬದಲಾಯಿಸಬಹುದೇ? ಮೋಟಾರು ವಾಹನ ಕಾಯಿದೆ 1988ರ 52ನೆಯ ಕಲಂ ಇದನ್ನು ಕುರಿತದ್ದು. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸಕೂಡದು ಎಂಬುದು ಅದರ ಸಾರ. 2019ರ ಜನವರಿ 9ರಂದು, ಕೇರಳದಿಂದ ಬಂದ ಮೇಲ್ಮನವಿಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಲಮನ್ನು ಬಿಗಿಯಾಗಿ ಅರ್ಥೈಸಿತು. ತಯಾರಕರ ಮೂಲ ವಿನ್ಯಾಸವನ್ನು ಬದಲಿಸುವಂತಿಲ್ಲ. ಬಣ್ಣ ಬದಲಾವಣೆ, ಸಣ್ಣಪುಟ್ಟ ಜೋಡಣೆಗಳಿಗೆ ಅಡ್ಡಿಯಿಲ್ಲ ಎಂಬುದು ಆ ತೀರ್ಪಿನ ತಾತ್ಪರ್ಯ. ಅಂಗವಿಕಲರ ಅನುಕೂಲಕ್ಕಾಗಿ ಮಾಡುವ ಮಾರ್ಪಾಡು, ಅನುಮೋದಿತ ಕಿಟ್ ಬಳಸಿ ಸಿ.ಎನ್.ಜಿ.ಯಂಥ ಇಂಧನಕ್ಕೆ ಬದಲಾಯಿಸುವುದು, ಅನುಮತಿ ಪಡೆದು ಅದೇ ಬಗೆಯ ಎಂಜಿನ್ ಹಾಕಿಸುವುದು ಇವುಗಳಿಗೆ ಕಾನೂನಿನಲ್ಲಿಯೇ ದಾರಿಯಿದೆ. ಸೂಪರ್‌ಮೋಟೋ ಮಾಡಿಸುವುದಕ್ಕೆ ಅಂಥ ದಾರಿಯನ್ನು ಹೇಳಿಲ್ಲ.

“ನೋಂದಣಿ ಪುಸ್ತಕದಲ್ಲಿ ಚಕ್ರದ ಅಳತೆ ಎಲ್ಲಿದೆ?” ಎಂದು ಗ್ಯಾರೇಜಿನವರು ಕೇಳುತ್ತಾರೆ. ನನ್ನ ಮಗನೂ ಅದನ್ನೇ ಕೇಳಿದನು. ಪ್ರಶ್ನೆ ಜಾಣತನದ್ದೇ. ಆದರೆ ತಯಾರಕರ ಅನುಮೋದನೆಯಲ್ಲಿ ಚಕ್ರ, ಟಯರು, ಬ್ರೇಕು ಎಲ್ಲವೂ ಸೇರಿವೆ. ನ್ಯಾಯಾಲಯ ನೋಡಿದುದೂ ಮೂಲ ವಿನ್ಯಾಸವನ್ನೇ. ಸಾಲಗಾರನು ಕರಾರುಪತ್ರದಲ್ಲಿ ಬರೆಯದ ಮಾತನ್ನು ಹಿಡಿದು ವಾದಿಸುವುದನ್ನು ನಾನು ಎಷ್ಟೋ ಬಾರಿ ಕೇಳಿದ್ದೇನೆ. ಅಂಥ ವಾದ ಗೆಲ್ಲುವುದು ಅಪರೂಪ. ಗೆದ್ದರೂ ಬಹಳ ತಡವಾಗಿ ಗೆಲ್ಲುತ್ತದೆ.

ದಂಡ ಯಾರಿಗೆ? ಇಲ್ಲಿಯೇ ತಂದೆತಾಯಂದಿರು ಕಿವಿ ನಿಮಿರಿಸಬೇಕು. 2019ರ ತಿದ್ದುಪಡಿ ಕಾಯಿದೆಯಿಂದ ಹೊಸ ರೂಪ ಪಡೆದ 182-ಎ ಕಲಮಿನಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಹೊಣೆ ವಾಹನದ ಮಾಲೀಕನದು. ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಚಕ್ರ, ಸೈಲೆನ್ಸರು, ಮಡ್‌ಗಾರ್ಡು ಎಂದು ಒಂದೊಂದಾಗಿ ಎಣಿಸಿದರೆ ಮೊತ್ತ ಬೆಳೆಯುತ್ತ ಹೋಗುತ್ತದೆ. ಬೈಕು ಓಡಿಸಿದವನು ಮಗ, ಮಾಲೀಕ ನಾನು. ಬೈಕು ಅಡಮಾನದ ಸಾಲದಲ್ಲಿದ್ದರೆ ಬ್ಯಾಂಕಿಗೂ ಅದರಲ್ಲಿ ಹಕ್ಕಿದೆ ಎಂಬುದನ್ನು ಮರೆಯಲಾಗದು. ಕಂತು ಖರೀದಿ ಒಪ್ಪಂದದ ವಾಹನವನ್ನು ನೋಂದಾಯಿತ ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಮಾರ್ಪಡಿಸಬಾರದೆಂದು ಅದೇ 52ನೆಯ ಕಲಂ ಹೇಳುತ್ತದೆ.

ಸೈಲೆನ್ಸರು ಮತ್ತು ಸೀರೆ

ಪರಿವರ್ತನೆಯ ಉತ್ಸಾಹದಲ್ಲಿ ಮೊದಲು ಕಿತ್ತು ಬಿಸಾಡುವ ವಸ್ತುಗಳು ಎರಡು. ಒಂದು ಸೈಲೆನ್ಸರು. 175 ಸಿ.ಸಿ.ಗಿಂತ ಹೆಚ್ಚಿನ ಮೋಟಾರ್ ಸೈಕಲಿಗೆ ಪರೀಕ್ಷೆಯಲ್ಲಿ ವಿಧಿಸಿದ ಶಬ್ದದ ಮಿತಿ 80 ಡೆಸಿಬಲ್. ಡೆಸಿಬಲ್ ಲೆಕ್ಕದಲ್ಲಿ 10 ಹೆಚ್ಚಾದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. ಬರಿದಾದ ಕೊಳವೆಯಂಥ ಸೈಲೆನ್ಸರು ಹಾಕಿದ ಬೈಕು ರಾತ್ರಿ ಹನ್ನೊಂದಕ್ಕೆ ಕಟ್ಟಡದೊಳಗೆ ಬಂದಾಗ ಎರಡನೆಯ ಮಹಡಿಯ ಹೃದ್ರೋಗಿ ಅಜ್ಜನಿಗೆ ಏನಾಗುತ್ತದೆಂಬುದನ್ನು ಯೋಚಿಸಿದರೆ ಕಾನೂನಿನ ಮಾತೂ ಬೇಕಿಲ್ಲ. ಪೊಲೀಸರು ವಶಪಡಿಸಿಕೊಂಡ ಸೈಲೆನ್ಸರುಗಳನ್ನು ಸಾಲಾಗಿ ಇಟ್ಟು ರೋಡ್ ರೋಲರ್ ಹರಿಸುವ ಚಿತ್ರಗಳನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡಿಯೇ ಇದ್ದೇವೆ.

ಎರಡನೆಯದು, ಹಿಂಬದಿಯ ಸವಾರರ ರಕ್ಷಣೆಯ ಸಾಮಗ್ರಿ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮದಂತೆ ಹಿಂದೆ ಕೂರುವವರಿಗೆ ಹಿಡಿಕೆ, ಕಾಲೂರುವ ಮೆಟ್ಟು, ಮತ್ತು ಬಟ್ಟೆ ಚಕ್ರಕ್ಕೆ ಸಿಲುಕದಂತೆ ಹಿಂದಿನ ಚಕ್ರದ ಅರ್ಧ ಭಾಗಕ್ಕೆ ಕಡಿಮೆಯಿಲ್ಲದ ರಕ್ಷಾಕವಚ ಇರಲೇಬೇಕು. ಇದನ್ನೇ ನಾವು ಸೀರೆ ಗಾರ್ಡ್ ಎನ್ನುವುದು. ‘ಅಂದ ಕೆಡಿಸುವ ಕಬ್ಬಿಣ’ ಎಂದು ತರುಣರು ಅದನ್ನು ಮೊದಲ ದಿನವೇ ಬಿಚ್ಚುತ್ತಾರೆ. ನನ್ನ ಮಡದಿ ಪರಿವರ್ತಿತ ಬೈಕಿನ ಚಿತ್ರವನ್ನು ನೋಡಿ ಕೇಳಿದ ಪ್ರಶ್ನೆ ಒಂದೇ: “ಇದರ ಮೇಲೆ ನಾನು ಸೀರೆ ಉಟ್ಟು ದೇವಸ್ಥಾನಕ್ಕೆ ಬರುವುದು ಹೇಗೆ?” ಮಗನಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ವಿಮೆಯ ಬಾಗಿಲಲ್ಲಿ

ನಮಗೆ ಪರಿಚಯದ ಒಂದು ಕುಟುಂಬದಲ್ಲಿ ನಡೆದುದನ್ನು ಹೇಳಿದರೆ ವಿಷಯ ಇನ್ನಷ್ಟು ಸ್ಪಷ್ಟವಾದೀತು. ಅವರ ಮಗನೂ ಇದೇ ರೀತಿ ಚಕ್ರ ಬದಲಿಸಿದ್ದನು. ಎ.ಬಿ.ಎಸ್. ದೀಪ ಉರಿಯುತ್ತಿದ್ದುದು ಮನೆಯವರಿಗೆ ತಿಳಿದಿರಲಿಲ್ಲ. ಜೂನ್ ತಿಂಗಳ ಮೊದಲ ಮಳೆಯಲ್ಲಿ, ಎಣ್ಣೆಯ ಪಸೆಯಿದ್ದ ಪೇವರ್ ಬ್ಲಾಕ್ ಮೇಲೆ, ಅಡ್ಡ ಬಂದ ರಿಕ್ಷಾಕ್ಕೆ ಬ್ರೇಕು ಒತ್ತಿದಾಗ ಮುಂದಿನ ಚಕ್ರ ಕಟ್ಟಿಹೋಯಿತು. ದೇವರ ದಯೆ, ಕೊರಳೆಲುಬು ಮುರಿದು ಹುಡುಗ ಪಾರಾದ. ಅನಂತರ ವಿಮಾ ಕಂಪೆನಿಯ ಸರ್ವೇಯರು ಬಂದು ಚಿತ್ರಗಳನ್ನು ತೆಗೆದನು. ವಾಹನದ ಹಾನಿಯ ಬೇಡಿಕೆ ತಿಂಗಳುಗಟ್ಟಲೆ ತೂಗಿ ಕೊನೆಗೆ ತಿರಸ್ಕೃತವಾಯಿತು. ಕಾರಣ: ತಿಳಿಸದೆ ಮಾಡಿದ ಮಾರ್ಪಾಡು.

ಕಂಪೆನಿಯನ್ನು ಬೈಯುವುದು ಸುಲಭ. ಆದರೆ ವಿಮೆ ಎಂಬುದು ವಸ್ತುವಿನ ವಿವರವನ್ನು ನಂಬಿ ಮಾಡಿಕೊಂಡ ಕರಾರು. ವಸ್ತುವೇ ಬೇರೆಯಾದರೆ ಕರಾರಿಗೆ ಏನು ಅರ್ಥ? ಅಂದು ಆ ರಿಕ್ಷಾದಲ್ಲಿದ್ದ ಯಾರಿಗಾದರೂ ಪೆಟ್ಟಾಗಿದ್ದರೆ ಪ್ರಕರಣ ಕ್ಲೇಮ್ಸ್ ಟ್ರಿಬ್ಯೂನಲ್‌ವರೆಗೆ ಹೋಗಿ, ‘ಬೈಕಿನ ಬ್ರೇಕು ಏಕೆ ಹೀಗಿತ್ತು?’ ಎಂಬ ಪ್ರಶ್ನೆಯನ್ನು ಮಾಲೀಕರು ಎದುರಿಸಬೇಕಾಗುತ್ತಿತ್ತು. ಆ ಹುಡುಗನ ಬೈಕೂ ತಂದೆಯ ಹೆಸರಿನಲ್ಲಿಯೇ ಇತ್ತು.

ಹಾಗಾದರೆ ಆಸೆಗೆ ದಾರಿಯೇನು?

ಬರೀ ‘ಬೇಡ’ ಎಂದು ಹೇಳಿ ಕೈತೊಳೆದುಕೊಳ್ಳುವುದು ನನ್ನ ಉದ್ದೇಶವಲ್ಲ. ನಾವು ಬೇಡವೆಂದರೆ ಅವರು ನಮಗೆ ತಿಳಿಯದಂತೆ ಮಾಡಿಸುತ್ತಾರೆ. ಅದು ಇನ್ನೂ ಅಪಾಯ. ಅಲ್ಲದೆ ಈ ಕ್ರೀಡೆ ಪೋಲಿ ಹುಡುಗರ ಚಟ ಎಂಬ ಭಾವನೆಯೂ ತಪ್ಪು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ. ನಮ್ಮ ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಅದೇ ಡಕಾರ್‌ನಲ್ಲಿ 37ನೆಯ ಸ್ಥಾನದೊಂದಿಗೆ ಗುರಿ ಮುಟ್ಟಿದವರು. 2021ರಲ್ಲಿ ಬಿಗ್ ಬಾಸ್ ಕನ್ನಡದಲ್ಲಿ ರನ್ನರ್ ಅಪ್ ಆದಾಗ ನಮ್ಮ ಮನೆಯ ಹೆಂಗಸರಿಗೂ ಪರಿಚಿತರಾದವರು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್.ಐ.ಎಂ. ಬಾಹಾಸ್ ವಿಶ್ವಕಪ್‌ನ ಮಹಿಳಾ ವಿಭಾಗವನ್ನು ಗೆದ್ದರು. 2021ರ ಜನವರಿಯಲ್ಲಿ ಸೌದಿ ಅರೇಬಿಯಾದ ಮರಳಿನಲ್ಲಿ ಬಿದ್ದ ಸಂತೋಷ್ ಗಂಭೀರವಾಗಿ ಗಾಯಗೊಂಡು ಚೇತರಿಸಿಕೊಂಡರು. ಪೂರ್ಣ ರಕ್ಷಾಕವಚ, ವರ್ಷಗಳ ಅಭ್ಯಾಸ, ಕರೆದರೆ ಬರುವ ವೈದ್ಯಕೀಯ ಹೆಲಿಕಾಪ್ಟರು ಇದ್ದವರಿಗೇ ಹೀಗಾದರೆ, ಚಪ್ಪಲಿ ಮೆಟ್ಟಿ ಲಿಂಕ್ ರೋಡಿನಲ್ಲಿ ಮುಂದಿನ ಚಕ್ರ ಎತ್ತುವವರ ಗತಿ ಏನು ಎಂದು ಮಕ್ಕಳಿಗೆ ತಿಳಿಹೇಳಬೇಕು.

ಕಲಿಯಲು ಜಾಗಗಳಿವೆ. ಕೋಲಾರದ ಬಳಿ ಸಂತೋಷ್ ಅವರು ಕಟ್ಟಿದ ಬಿಗ್ ರಾಕ್ ಡರ್ಟ್ ಪಾರ್ಕಿನಲ್ಲಿ ಕ್ರಮಬದ್ಧ ತರಬೇತಿಯನ್ನು ಆರಂಭಿಸಿದರು. 2024ರ ಜನವರಿಯಲ್ಲಿ ನಮ್ಮ ಪಕ್ಕದ ಪುಣೆಯ ಬಾಲೇವಾಡಿ ಕ್ರೀಡಾಂಗಣದಲ್ಲಿಯೇ ಸೂಪರ್‌ಕ್ರಾಸ್ ಲೀಗಿನ ಮೊದಲ ಸುತ್ತು ನಡೆಯಿತು. ಸೂಪರ್‌ಮೋಟೋಗೆ ವಿಶಾಲವಾದ ಓಟದ ಹಾದಿಯೂ ಬೇಕಿಲ್ಲ. ತಿರುವುಗಳು ಹೆಚ್ಚಿರುವ ಗೋ-ಕಾರ್ಟ್ ಅಂಗಣವೇ ಅದಕ್ಕೆ ಹೇಳಿಮಾಡಿಸಿದ್ದು.

ರಸ್ತೆಯಲ್ಲಿಯೇ ಆ ಅನುಭವ ಬೇಕೆನ್ನುವವರಿಗೆ ಕಾರ್ಖಾನೆಯಿಂದಲೇ 17 ಇಂಚಿನ ಚಕ್ರಗಳೊಂದಿಗೆ ಅನುಮೋದನೆ ಪಡೆದು ಬಂದ ಬೈಕುಗಳಿವೆ. ಕೆ.ಟಿ.ಎಂ.ನ ಮೊದಲ ಡ್ಯೂಕ್ 1994ರಲ್ಲಿ ಬಂದದ್ದು ಸೂಪರ್‌ಮೋಟೋದ ರಸ್ತೆ ರೂಪವಾಗಿಯೇ. ಅದೇ ಹೆಸರಿನ ಬೈಕುಗಳು 2012ರಿಂದ ಪುಣೆಯ ಸಮೀಪದ ಚಾಕಣದಲ್ಲಿ ತಯಾರಾಗಿ ನಮ್ಮ ರಸ್ತೆಗಿಳಿದವು. ಅವು ಅಪ್ಪಟ ಸೂಪರ್‌ಮೋಟೋ ಅಲ್ಲವಾದರೂ ಆ ವಂಶದ ಚುರುಕು ಅವುಗಳಲ್ಲಿದೆ.

ಇನ್ನು ಇರುವ ಬೈಕಿನಲ್ಲಿಯೇ ನ್ಯಾಯವಾಗಿ ಮಾಡಬಹುದಾದುದು ಏನು? ತಯಾರಕರು ಸೂಚಿಸಿದ ಅದೇ ಅಳತೆಯಲ್ಲಿ, ಗುಬ್ಬಿಗಳು ಕಡಿಮೆಯಿರುವ ರಸ್ತೆಯ ಟಯರು ಹಾಕಿಸಬಹುದು. ಡಾಂಬರಿನ ಮೇಲಿನ ಹಿಡಿತ ಇದರಿಂದಲೇ ಗಣನೀಯವಾಗಿ ಹೆಚ್ಚುತ್ತದೆ. ಒಳ್ಳೆಯ ಬ್ರೇಕ್ ಪ್ಯಾಡು, ಹೊಸ ಬ್ರೇಕ್ ಎಣ್ಣೆ, ಕೈಗೆ ರಕ್ಷಣೆ, ಬೇಕಾದ ಬಣ್ಣ ಇವುಗಳಿಗೆ ಅಡ್ಡಿಯಿಲ್ಲ. ಬಣ್ಣ ಬದಲಿಸಿದರೆ ಆರ್.ಟಿ.ಓ.ಗೆ ತಿಳಿಸಿ ನೋಂದಣಿ ಪತ್ರದಲ್ಲಿ ಬರೆಸಬೇಕು. ದಹಿಸರ್‌ನವರಿಗೆ ಅದು ಎಂ.ಎಚ್. 47ರ ಬೋರಿವಲಿ ಕಚೇರಿ. ಕನ್ನಡಿ, ಇಂಡಿಕೇಟರು, ನಂಬರ್ ಪ್ಲೇಟು, ಸೀರೆ ಗಾರ್ಡ್ ಇವುಗಳನ್ನು ಮುಟ್ಟಬಾರದು.

ನಮ್ಮ ಮನೆಯಲ್ಲಿ ಮೂರು ರಾತ್ರಿಯ ಚರ್ಚೆ, ಒಂದು ದಿನದ ಮೌನ ಎಲ್ಲ ಕಳೆದು ಒಂದು ಒಪ್ಪಂದವಾಯಿತು. ರಸ್ತೆಗೆ ಹೋಗುವ ಬೈಕು ಕಾರ್ಖಾನೆಯಿಂದ ಬಂದಂತೆಯೇ ಇರುವುದು. 17 ಇಂಚಿನ ಇನ್ನೊಂದು ಜೊತೆ ಚಕ್ರಗಳನ್ನು, ಮೂಲ ಹಬ್ಬಿನಂಥದೇ ಹಬ್ಬು ತರಿಸಿ, ಬಲ್ಲವರಿಂದ ಕಟ್ಟಿಸುವುದು. ಅಂಗಣಕ್ಕೆ ಹೋಗುವ ದಿನ ಬೈಕನ್ನು ಟೆಂಪೋದಲ್ಲಿ ಹೇರಿಕೊಂಡು ಹೋಗಿ, ಅಲ್ಲಿ ಚಕ್ರ ಬದಲಿಸಿ, ಸಂಜೆ ಮತ್ತೆ ಹಳೆಯ ಚಕ್ರ ಹಾಕಿ ತರುವುದು. ಹೆಲ್ಮೆಟ್ಟು, ಕೈಗವಸು, ಮೊಣಕಾಲಿನ ಕವಚ, ಗಟ್ಟಿ ಬೂಟು ಇವುಗಳ ಖರ್ಚು ನನ್ನದು. ಚಕ್ರದ ಖರ್ಚಿನಲ್ಲಿ ಅರ್ಧ ಅವನದು. ಟೆಂಪೋದ ಬಾಡಿಗೆ ಕೇಳಿ ಮಗನ ಮುಖ ಚಿಕ್ಕದಾದುದು ನಿಜ. “ಇದು ಅರ್ಧ ಸೂಪರ್‌ಮೋಟೋ, ಅಪ್ಪಾ” ಎಂದು ಗೊಣಗಿದನು.

ಇರಬಹುದು. ಆದರೆ ಅಂದು ಮಗನೊಡನೆ ಕುಳಿತು ಟಯರಿನ ವ್ಯಾಸದ ಲೆಕ್ಕ ಹಾಕಿದ ಸಂಜೆ, ಅನೇಕ ವರ್ಷಗಳ ಬಳಿಕ ನಾವಿಬ್ಬರೂ ಒಂದೇ ಕಾಗದದ ಮೇಲೆ ಬಗ್ಗಿದ್ದೆವು. ಫೋರ್ಕಿನ ಓರೆಯನ್ನು ಅವನು ನನಗೆ ವಿವರಿಸಿದನು, ಕಲಮಿನ ಅರ್ಥವನ್ನು ನಾನು ಅವನಿಗೆ ವಿವರಿಸಿದೆ. ಬೈಕಿನ ಕಾಗದ ಹಿರಿಯರ ಹೆಸರಿನಲ್ಲಿರುವ ಎಲ್ಲ ಮನೆಗಳಲ್ಲಿಯೂ ಇಂಥ ಒಂದು ಸಂಜೆ ಒದಗಲಿ ಎಂದು ಹಾರೈಸುತ್ತೇನೆ. ಮುಂಗಡ ಹಣ ಕೊಡುವ ಮೊದಲು ಒದಗಿದರೆ ಇನ್ನೂ ಒಳ್ಳೆಯದು.